ಹನ್ನೆರಡು ಟ್ಯೂಬಿನ ಆಯಿಲ್ ಕಲರ್ ಕಿಟ್: ಪೆಟ್ಟಿಗೆ ಗಟ್ಟಿ, ಬಿಳಿ ಸಾಲದು

ಮರದ ಪೆಟ್ಟಿಗೆ, ಅದಕ್ಕೊಂದು ಹಿತ್ತಾಳೆ ಕೊಂಡಿ. ಮುಚ್ಚಳ ತೆಗೆದರೆ 9 ಎಂಎಲ್‌ನ ಹನ್ನೆರಡು ಟ್ಯೂಬು, ಮೂರು ನೈಲಾನ್ ಬ್ರಷ್ಷು, ಬಣ್ಣ ಬೆರೆಸುವ ಪ್ಲಾಸ್ಟಿಕ್ಕಿನ ಪ್ಯಾಲೆಟ್ ನೈಫ್, ಬೆರೆಸುವ ಹಲಗೆಯಾಗಿ ಹೆಬ್ಬೆರಳು ತೂರಿಸಲು ತೂತಿರುವ ಪುಟ್ಟ ಪ್ಯಾಲೆಟ್, 50 ಎಂಎಲ್ ಅಗಸೆ ಎಣ್ಣೆ, 50 ಎಂಎಲ್ ಟರ್ಪಂಟೈನ್, 8×10 ಇಂಚಿನ ಎರಡು ಕ್ಯಾನ್ವಾಸ್ ಬೋರ್ಡು (ಕಾರ್ಡ್‌ಬೋರ್ಡಿಗೆ ಹತ್ತಿಬಟ್ಟೆ ಅಂಟಿಸಿದ್ದು). ಬೆಲೆ ಎರಡು ಸಾವಿರದ ಆಸುಪಾಸು. ಇಂಥ ಕಿಟ್‌ನ ಹೆಸರು ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ಸಾಮಾನು ಮಾತ್ರ ಹೆಚ್ಚುಕಡಿಮೆ ಇದೇ. ಉಡುಗೊರೆ ಕೊಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಜೋಡಿಸಿದ ಪೆಟ್ಟಿಗೆ ಇದು: ನೋಡಲು ತುಂಬಿಕೊಂಡಿದೆ, ಕೆಲಸಕ್ಕೆ ಕೂತರೆ ಅರ್ಧ ಖಾಲಿ.

ತೀರ್ಪು ಮೊದಲೇ ಹೇಳುವುದಾದರೆ, ಆರು ಟ್ಯೂಬು, ಎಣ್ಣೆ ಮತ್ತು ಪೆಟ್ಟಿಗೆ ಉಳಿಸಿಕೊಳ್ಳುವಂಥವು. ಬೋರ್ಡನ್ನು ರಿಪೇರಿ ಮಾಡಿ ಬಳಸಬಹುದು. ಬ್ರಷ್ಷು ಮತ್ತು ನೈಫ್ ಮೊದಲ ದಿನವೇ ಬದಲಾಯಿಸಬೇಕು. ಬಿಳಿ ಟ್ಯೂಬನ್ನಂತೂ ಪೆಟ್ಟಿಗೆ ತೆರೆಯುವ ಮೊದಲೇ ಇನ್ನೊಂದು ತಂದಿಟ್ಟುಕೊಂಡಿರಬೇಕು.

ಬಿಳಿಯ ಲೆಕ್ಕ ಹೀಗೆ. 8×10 ಇಂಚಿನ ಬೋರ್ಡಿನ ವಿಸ್ತೀರ್ಣ ಸುಮಾರು 516 ಚದರ ಸೆಂಟಿಮೀಟರ್. ಬಣ್ಣವನ್ನು ಬರೀ 0.2 ಮಿಲಿಮೀಟರ್ ದಪ್ಪಕ್ಕೆ ಹಚ್ಚಿದರೂ ಬೋರ್ಡ್ ಮುಚ್ಚಲು 10 ಎಂಎಲ್ ಬೇಕು. ತೈಲವರ್ಣದಲ್ಲಿ ಬೆಳಕಿನ ಭಾಗಗಳೆಲ್ಲ ಬಿಳಿ ಬೆರೆಸಿದ ಬಣ್ಣಗಳೇ, ಹಾಗಾಗಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಿಳಿಯೇ ಆಗಿಬಿಡುವುದು ಸಾಮಾನ್ಯ. ಪ್ಯಾಲೆಟ್ ಮೇಲೆ ಒಣಗಿ ಹೋಗುವುದು ಬೇರೆ. ಒಂದೂವರೆ ಚಿತ್ರಕ್ಕೆ 9 ಎಂಎಲ್ ಬಿಳಿ ಮುಗಿಯುತ್ತದೆ, ಆಗ ಉಳಿದ ಹನ್ನೊಂದು ಟ್ಯೂಬೂ ಹೊಟ್ಟೆ ತುಂಬಿಕೊಂಡೇ ಇರುತ್ತವೆ. ಬಿಳಿ ಉಳಿಸಲು ಹೋಗಿ ತೆಳ್ಳಗೆ ಹಚ್ಚುವವರ ಚಿತ್ರ ವಾಟರ್ ಕಲರ್ ಕೆಟ್ಟ ಹಾಗೆ ಕಾಣುತ್ತದೆ, ದೋಷ ಮಾತ್ರ ಕೈಯದ್ದು ಅಂತಾಗುತ್ತದೆ. ಎಲ್ಲ ಬಣ್ಣ ಒಂದೇ ಅಳತೆಯಲ್ಲಿ ತುಂಬಿದ ಯಾವ ಕಿಟ್ಟೂ ಚಿತ್ರ ಬರೆಯುವವರು ಜೋಡಿಸಿದ್ದಲ್ಲ.

ಬಿಳಿ ತರುವಾಗ ಟ್ಯೂಬಿನ ಬೆನ್ನು ಓದಿ. ಟೈಟಾನಿಯಂ ವೈಟ್ ಆದರೆ ಪಿಡಬ್ಲ್ಯೂ 6 ಎಂಬ ಪುಡಿಯ ಸಂಕೇತ ಇರುತ್ತದೆ, ಜಿಂಕ್ ಆದರೆ ಪಿಡಬ್ಲ್ಯೂ 4. ಈ ಕಿಟ್‌ನ ಟ್ಯೂಬಿನ ಮೇಲೆ ಬರೀ ‘ವೈಟ್’ ಎಂದಿದೆ, ಅಷ್ಟು ಸಾಲದು. ಜಿಂಕ್ ಬಿಳಿ ವರ್ಷ ಕಳೆದ ಹಾಗೆ ಸೆಟೆದುಕೊಂಡು ಪೆಡಸಾಗುತ್ತದೆ. ಕ್ಯಾನ್ವಾಸ್ ಸ್ವಲ್ಪ ಬಾಗಿದರೂ ಬಿರುಕು ಬಿಡುತ್ತದೆ. ತೆಳು ಪಾರದರ್ಶಕ ಮಂಜಿಗೆ ಚೂರು ಬೆರೆಸಿದರೆ ಪರವಾಗಿಲ್ಲ, ಚಿತ್ರವಿಡೀ ಅದರಲ್ಲೇ ಬರೆಯುವುದು ಬೇಡ.

ಬಣ್ಣದ ಪುಡಿಗೆ ಇರುವ ಈ ಸಂಕೇತಗಳು ಉಳಿದ ಟ್ಯೂಬುಗಳಿಗೂ ಅನ್ವಯ. ಪಿಬಿ 29 ಅಂದರೆ ಅಲ್ಟ್ರಾಮರೀನ್ ನೀಲಿ, ಪಿಬಿಆರ್ 7 ಬರ್ನ್ಟ್ ಸಿಯೆನಾ ಮತ್ತು ಅಂಬರ್ ಜಾತಿಯ ಮಣ್ಣುಬಣ್ಣ, ಪಿವೈ 43 ಅಥವಾ 42 ಯೆಲ್ಲೋ ಓಕರ್. ಈ ಮೂರೂ ಅಗ್ಗದವು, ಬಿಸಿಲಿಗೆ ಮಾಸದವು, ಹಾಗಾಗಿ ಅಗ್ಗದ ಕಿಟ್‌ನಲ್ಲೂ ಇವು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ. ತಕರಾರು ಇರುವುದು ಕೆಂಪಿನಲ್ಲಿ. ಕ್ರಿಮ್ಸನ್ ಟ್ಯೂಬಿನಲ್ಲಿ ಪಿಆರ್ 83 ಇದ್ದರೆ ಅದು 1868ರಲ್ಲಿ ಪ್ರಯೋಗಾಲಯದಲ್ಲಿ ತಯಾರಾದ ಅಲಿಜರಿನ್. ನೋಡಲು ದಾಳಿಂಬೆ ರಸದ ಹಾಗೆ ಚೆಂದ, ಆದರೆ ಬಿಳಿಯ ಜೊತೆ ತೆಳ್ಳಗೆ ಬೆರೆಸಿ ಗುಲಾಬಿ ಮಾಡಿದರೆ ಬೆಳಕಿಗೆ ಮಾಸುತ್ತದೆ. ‘ಪರ್ಮನೆಂಟ್ ಅಲಿಜರಿನ್’ ಎಂದು ಮಾರುವುದು ಬೇರೆ ಪುಡಿಯಲ್ಲಿ ಮಾಡಿದ್ದು, ಅದೇ ವಾಸಿ. ಹೆಸರಿನ ಕೊನೆಗೆ ‘ಹ್ಯೂ’ ಎಂದಿದ್ದರೆ ಆ ಬಣ್ಣದ ಛಾಯೆ ಮಾತ್ರ ಇದೆ, ಮೂಲ ಪುಡಿ ಇಲ್ಲ ಎಂದರ್ಥ. ಅದು ಮೋಸವೇನಲ್ಲ. ವಿನ್ಸರ್ ಅಂಡ್ ನ್ಯೂಟನ್‌ನ ವಿಂಟನ್ ಸರಣಿಯಲ್ಲಿ ಕ್ಯಾಡ್ಮಿಯಂ ಹೆಸರಿನ ಹಲವು ಬಣ್ಣಗಳು ಹ್ಯೂಗಳೇ, ಟ್ಯೂಬಿನ ಮೇಲೆ ಹಾಗೆಂದು ಬರೆದೂ ಇರುತ್ತದೆ. ಕ್ಯಾಮೆಲ್‌ನವರೂ ಸ್ಟೂಡೆಂಟ್ ಮತ್ತು ಆರ್ಟಿಸ್ಟ್ ಎಂದು ಎರಡು ದರ್ಜೆ ಮಾರುತ್ತಾರೆ, ಅಂಗಡಿಯಲ್ಲಿ ಬರೀ ಬ್ರ್ಯಾಂಡ್ ಹೇಳಿ ಕೇಳಿದರೆ ಯಾವುದಾದರೂ ಕೈಗೆ ಬರಬಹುದು.

ಸಂಕೇತ ಇಲ್ಲದ ಟ್ಯೂಬನ್ನು ಪರೀಕ್ಷಿಸಲು ಎರಡು ದಾರಿ ಇದೆ. ಬಟಾಣಿಯಷ್ಟು ಬಣ್ಣವನ್ನು ದಿನಪತ್ರಿಕೆಯ ಮೇಲೆ ಹಿಂಡಿ ಒಂದು ಗಂಟೆ ಬಿಡಿ. ಸುತ್ತ ಹಪ್ಪಳ ಇಟ್ಟ ಹಾಗೆ ಎಣ್ಣೆಯ ವೃತ್ತ ಹರಡುತ್ತದೆ. ಎಲ್ಲ ಬಣ್ಣದಲ್ಲೂ ಸ್ವಲ್ಪ ಹರಡೀತು. ಬಟಾಣಿಯ ಮೂರು ನಾಲ್ಕು ಪಟ್ಟು ಅಗಲವಾದರೆ ಪುಡಿ ಕಮ್ಮಿ, ಎಣ್ಣೆ ಜಾಸ್ತಿ. ಈ ಕಿಟ್‌ನಲ್ಲಿ ಸ್ಯಾಪ್ ಗ್ರೀನ್ ಮತ್ತು ಕಿತ್ತಳೆ ಹೀಗೆ ಸೋತವು. ಎರಡನೆಯದು, ಸಾಸಿವೆ ಕಾಳಿನಷ್ಟು ಬಣ್ಣಕ್ಕೆ ಅದರ ಹತ್ತರಷ್ಟು ಬಿಳಿ ಸೇರಿಸಿ ನೈಫಿನಲ್ಲಿ ಗೆರೆ ಉಳಿಯದ ಹಾಗೆ ಅರೆಯುವುದು. ಪುಡಿ ಗಟ್ಟಿಯಿರುವ ಅಲ್ಟ್ರಾಮರೀನ್ ಆಗಲೂ ಸ್ಪಷ್ಟ ನೀಲಿಯಾಗಿ ನಿಲ್ಲುತ್ತದೆ. ಕಿಟ್‌ನದ್ದು ಗೋಡೆಗೆ ಬಳಿದ ಸುಣ್ಣಕ್ಕೆ ನೀಲಿ ಹಾಕಿದಷ್ಟಾಯಿತು. ಸೀಮೆಸುಣ್ಣದಂಥ ಫಿಲ್ಲರ್ ಸೇರಿಸಿದಾಗ ಹೀಗಾಗುತ್ತದೆ. ಅದರಿಂದ ಚಿತ್ರವೇನೂ ಹಾಳಾಗುವುದಿಲ್ಲ, ಬಣ್ಣ ಹೆಚ್ಚು ಹಿಂಡಬೇಕಾಗುತ್ತದೆ ಅಷ್ಟೆ. ಹಾಗೆ ಲೆಕ್ಕ ಹಾಕಿದರೆ ಅಗ್ಗದ ಟ್ಯೂಬು ಅಷ್ಟೇನೂ ಅಗ್ಗವಲ್ಲ.

ಎಣ್ಣೆ ಮಾತ್ರ ಚೆನ್ನಾಗಿದೆ. ತಿಳಿಯಾಗಿದೆ, ವಾಸನೆ ಹದವಾಗಿದೆ, ಗಾಜಿನ ಮೇಲೆ ಹಚ್ಚಿದ ತೊಟ್ಟು ಐದನೇ ದಿನಕ್ಕೆ ಬೆರಳಿಗೆ ಅಂಟದ ಪೊರೆಯಾಯಿತು. ಹತ್ತು ದಿನವಾದರೂ ಹರಿಯುತ್ತಿದ್ದರೆ ಅಂಥ ಬಾಟಲಿ ಬಳಸಬೇಡಿ. ಆಯಿಲ್ ಕಲರ್ ಒಣಗುವುದು ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗಿ. ಆ ಗುಣ ಎಲ್ಲ ಎಣ್ಣೆಗೂ ಇಲ್ಲ. ಕಡಲೆಕಾಯಿ ಎಣ್ಣೆ, ತೆಂಗಿನೆಣ್ಣೆ ಬೆರೆಸಿದರೆ ಚಿತ್ರ ವರ್ಷವಾದರೂ ಜಿಡ್ಡಾಗಿಯೇ ಇರುತ್ತದೆ. ಒಣಗುವ ಎಣ್ಣೆಗಳಲ್ಲಿ ಮುಖ್ಯವಾದ ಎರಡು ನಮ್ಮ ಉತ್ತರ ಕರ್ನಾಟಕದ ಹೊಲದವೇ: ಅಗಸಿ ಮತ್ತು ಕುಸುಬಿ. ರೊಟ್ಟಿಯ ಜೊತೆ ಚಟ್ನಿಪುಡಿಯಾಗುವ ಅದೇ ಅಗಸಿಯ ಎಣ್ಣೆಯಲ್ಲಿ ಹೆಚ್ಚಿನ ಬಣ್ಣಗಳನ್ನು ಅರೆಯುತ್ತಾರೆ. ಅದು ಕಾಲ ಕಳೆದಂತೆ ತುಸು ಹಳದಿಯಾಗುವುದರಿಂದ ಬಿಳಿಯನ್ನು ಹಲವು ಕಂಪನಿಗಳು ಕುಸುಬೆ ಎಣ್ಣೆಯಲ್ಲಿ ಅರೆಯುತ್ತವೆ. ಕುಸುಬೆ ಹಳದಿಯಾಗುವುದು ಕಡಿಮೆ, ಒಣಗುವುದೂ ನಿಧಾನ. ಹಾಗೆಂದು ಗಾಣದಿಂದ ಅಗಸೆ ಎಣ್ಣೆ ತಂದು ಬಳಸುವುದು ಜಾಣತನವಲ್ಲ, ಶುದ್ಧಿ ಮಾಡದ ಎಣ್ಣೆಯಲ್ಲಿ ಲೋಳೆಯಂಥ ಗಸಿ ಇರುತ್ತದೆ, ಅದು ಬೇಗ ಕಂದುತ್ತದೆ. ಹಾರ್ಡ್‌ವೇರ್ ಅಂಗಡಿಯ ‘ಬಾಯ್ಲ್ಡ್’ ಅಗಸೆ ಎಣ್ಣೆಯೂ ಬೇಡ. ಅದಕ್ಕೆ ಬೇಗ ಒಣಗಿಸುವ ಲೋಹದ ಲವಣ ಬೆರೆಸಿರುತ್ತಾರೆ. ಅದು ಬಾಗಿಲು, ಕುರ್ಚಿಗೆ ಸರಿ.

ಟರ್ಪಂಟೈನ್ ವಿಷಯದಲ್ಲಿ ಕಿಟ್ ಜಿಪುಣತನ ಮಾಡಿದೆ. 50 ಎಂಎಲ್ ಒಂದು ದಿನ ಬ್ರಷ್ ತೊಳೆಯಲೂ ಸಾಲದು. ಹೆಚ್ಚಿಗೆ ತರಲು ಹೋದಾಗ ‘ಥಿನ್ನರ್’ ಕೊಟ್ಟರೆ ವಾಪಸ್ ಮಾಡಿ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಕೆಳಗಿನ ಬಣ್ಣವನ್ನೂ ಬ್ರಷ್ಷಿನ ಅಂಟನ್ನೂ ಕರಗಿಸುತ್ತದೆ, ಅದರ ಆವಿ ಮನೆಯೊಳಗೆ ಉಸಿರಾಡುವಂಥದ್ದಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಟರ್ಪಂಟೈನ್ ಹೆಸರಲ್ಲಿ ಸಿಗುವುದು ಬಹುಮಟ್ಟಿಗೆ ಪೆಟ್ರೋಲಿಯಂ ಮೂಲದ ಮಿನರಲ್ ಟರ್ಪಂಟೈನ್, ಪೈನ್ ಮರದ ಅಂಟಿನದ್ದಲ್ಲ. ಬ್ರಷ್ ತೊಳೆಯಲು ಅದು ಸಾಕು. ಬಣ್ಣಕ್ಕೆ ಬೆರೆಸಲು ಕಲಾ ಸಾಮಗ್ರಿಯ ಅಂಗಡಿಯ ಶುದ್ಧ ಟರ್ಪಂಟೈನ್ ಅಥವಾ ವಾಸನೆ ಇಲ್ಲದ ಮಿನರಲ್ ಸ್ಪಿರಿಟ್ ತನ್ನಿ. ಯಾವುದಾದರೂ ಸರಿ, ಕಿಟಕಿ ತೆರೆದಿರಬೇಕು, ಬಾಟಲಿಗೆ ಮುಚ್ಚಳ ಇರಬೇಕು.

ಬೋರ್ಡಿನ ಹಿಂಬದಿಗೆ ನೋಡಿ. ಮುಂದೆ ಒಂದು ತೊಟ್ಟು ಎಣ್ಣೆ ಬಿಟ್ಟು ಮರುದಿನ ಹಿಂದೆ ಕಲೆ ಮೂಡಿದರೆ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹಚ್ಚುವ ತಳಪದರ, ಸಾಲದು ಎಂದರ್ಥ. ಇದರಲ್ಲಿ ಮೂಡಿತು. ಅಂಥ ಬೋರ್ಡು ಬಣ್ಣದ ಎಣ್ಣೆಯನ್ನು ಕುಡಿದುಬಿಡುತ್ತದೆ. ಮೇಲೆ ಉಳಿದ ಪುಡಿ ಸುಣ್ಣದ ಹಾಗೆ ಮಂಕಾಗುತ್ತದೆ, ಬೆರಳಾಡಿಸಿದರೆ ಉದುರಲೂಬಹುದು. ಎಣ್ಣೆ ಹತ್ತಿಯ ನೂಲಿಗೆ ತಾಗಿದರೆ ಬಟ್ಟೆಯೂ ಕ್ರಮೇಣ ಲಡ್ಡಾಗುತ್ತದೆ. ಪರಿಹಾರ ಸುಲಭ: ಅಕ್ರಿಲಿಕ್ ಜೆಸ್ಸೊ ಎಂಬ ಬಿಳಿ ಪ್ರೈಮರ್ ಎರಡು ಕೋಟು. ಮೊದಲನೆಯದಕ್ಕೆ ಹತ್ತರಲ್ಲಿ ಒಂದು ಪಾಲು ನೀರು ಬೆರೆಸಿ ಅಡ್ಡಡ್ಡ ಹಚ್ಚಿ, ಒಣಗಿದ ಮೇಲೆ 220 ನಂಬರಿನ ಮರಳು ಕಾಗದದಿಂದ ಮೆಲ್ಲಗೆ ಉಜ್ಜಿ, ಎರಡನೆಯದನ್ನು ಉದ್ದುದ್ದ ಹಚ್ಚಿ. ಒಂದೆರಡು ದಿನ ಬಿಟ್ಟು ಬಣ್ಣ ಶುರು ಮಾಡಿ. ಒಂದು ಬದಿಗೆ ಮಾತ್ರ ಹಚ್ಚಿದರೆ ಬೋರ್ಡ್ ದೋಣಿಯ ಹಾಗೆ ಬಾಗುತ್ತದೆ, ಹಿಂದೆಯೂ ಒಂದು ಕೋಟು ಕೊಡಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇದನ್ನು ಮರೆತರೆ ಕಾರ್ಡ್‌ಬೋರ್ಡ್ ತೇವ ಹೀರಿ ಬಾಗುವುದಷ್ಟೇ ಅಲ್ಲ, ಬೂಷ್ಟೂ ಹಿಡಿಯುತ್ತದೆ.

ಬ್ರಷ್ಷುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರೂ ಮೆತ್ತನೆಯ ನೈಲಾನ್, ವಾಟರ್ ಕಲರಿಗೆ ಆದೀತು. ಟ್ಯೂಬಿನಿಂದ ಬಂದ ಗಟ್ಟಿ ಬಣ್ಣವನ್ನು ತಳ್ಳುವ ಕಸುವು ಅವಕ್ಕಿಲ್ಲ. ಹಂದಿ ಕೂದಲಿನ ಫಿಲ್ಬರ್ಟ್ (ತುದಿ ದುಂಡಗಿರುವ ಚಪ್ಪಟೆ ಬ್ರಷ್) 4 ಮತ್ತು 8ನೇ ನಂಬರ್ ಒಂದೊಂದು, ಗೆರೆಗೆ ಒಂದು ಸಣ್ಣ ರೌಂಡ್, ಇಷ್ಟು ತಂದರೆ ಸಾಕು. ನೈಫ್ ಉಕ್ಕಿನದ್ದಾಗಿರಲಿ, ಹಿಡಿಯ ಹತ್ತಿರ ಸಿಮೆಂಟ್ ಕರಣೆಯ ಹಾಗೆ ಮೊಣಕಾಲು ಮಡಿಸಿದ್ದು. ನೇರ ನೈಫಾದರೆ ಬೆರಳಿನ ಗಂಟು ಬಣ್ಣದಲ್ಲಿ ಅದ್ದುತ್ತದೆ.

ಇಡೀ ಕಿಟ್‌ನ ಪರೀಕ್ಷೆಗೆ ಇಟ್ಟದ್ದು ಹುಣಸೆಹಣ್ಣು ಹಾಕಿ ತಿಕ್ಕಿದ ಒಂದು ಹಿತ್ತಾಳೆ ಚೊಂಬು, ಎಡಕ್ಕೆ ಒಂದೇ ಕಿಟಕಿ. ಬಳಸಿದ್ದು ಐದು ಬಣ್ಣ: ಬಿಳಿ, ಲೆಮನ್ ಯೆಲ್ಲೋ, ಓಕರ್, ಬರ್ನ್ಟ್ ಸಿಯೆನಾ, ಅಲ್ಟ್ರಾಮರೀನ್. ಆರನೆಯದಾಗಿ ಕ್ರಿಮ್ಸನ್ ಪಕ್ಕದಲ್ಲಿತ್ತು, ಅಗತ್ಯ ಬೀಳಲಿಲ್ಲ. ಹೂವೋ ಮುಖವೋ ಆಗಿದ್ದರೆ ಬೀಳುತ್ತಿತ್ತು.

ಬೋರ್ಡಿನ ಬಿಳಿಯನ್ನು ಮೊದಲು ಕೊಲ್ಲಬೇಕು. ಸಿಯೆನಾಗೆ ಟರ್ಪಂಟೈನ್ ಬೆರೆಸಿ ಟೀ ನೀರಿನಷ್ಟು ತೆಳು ಮಾಡಿ, ಹಚ್ಚಿ, ಹಳೆ ಬನಿಯನ್ ಬಟ್ಟೆಯಿಂದ ಒರೆಸಿಬಿಡಿ. ಆ ಕಂದು ನೆಲದ ಮೇಲೆ ಕತ್ತಲೂ ಬೆಳಕೂ ಎರಡೂ ಸರಿಯಾಗಿ ಅಳೆಯಲು ಸಿಗುತ್ತವೆ, ಬಿಳಿ ಬೋರ್ಡಿನ ಮೇಲೆ ಯಾವ ಬಣ್ಣ ಇಟ್ಟರೂ ಕಪ್ಪಾಗಿ ಕಾಣುತ್ತದೆ. ರೇಖೆಯನ್ನೂ ಅದೇ ಸಿಯೆನಾದಲ್ಲಿ ಬ್ರಷ್ಷಿನಿಂದಲೇ ಎಳೆಯಿರಿ. ಆಮೇಲೆ ಕತ್ತಲು: ಸಿಯೆನಾ ಎರಡು ಪಾಲು, ಅಲ್ಟ್ರಾಮರೀನ್ ಒಂದು ಪಾಲು. ಪೆಟ್ಟಿಗೆಯಲ್ಲಿರುವ ಕಪ್ಪಿಗಿಂತ ಈ ಮಿಶ್ರಣ ಜೀವಂತ. ಸಿಯೆನಾ ಹೆಚ್ಚಿಸಿದರೆ ಬೆಚ್ಚಗೆ, ನೀಲಿ ಹೆಚ್ಚಿಸಿದರೆ ತಣ್ಣಗೆ ವಾಲುತ್ತದೆ. ಕಪ್ಪು ಟ್ಯೂಬು ಆ ಕೆಲಸ ಮಾಡುವುದಿಲ್ಲ, ನೆರಳಿಗೆ ಮಸಿ ಬಳಿದ ಹಾಗಾಗುತ್ತದೆ. ಈ ಹಂತದವರೆಗೆ ಎಣ್ಣೆ ಮುಟ್ಟಬೇಡಿ, ಟರ್ಪಂಟೈನ್ ಮಾತ್ರ.

ಚೊಂಬಿನ ಮೈಗೆ ಓಕರ್. ಬೆಳಕಿನತ್ತ ಸರಿದ ಹಾಗೆ ಅದಕ್ಕೆ ಲೆಮನ್ ಯೆಲ್ಲೋ ಮತ್ತು ಚೂರು ಬಿಳಿ. ಬಿಳಿಯೊಂದನ್ನೇ ಸೇರಿಸುತ್ತ ಹೋದರೆ ಹಿತ್ತಾಳೆ ಕಡಲೆಹಿಟ್ಟಿನ ಹಾಗೆ ಸಪ್ಪೆಯಾಗುತ್ತದೆ. ನೆರಳಿನ ಬದಿಗೆ ಓಕರಿಗೆ ಸೂಜಿಮೊನೆಯಷ್ಟು ನೀಲಿ ಸೇರಿಸಿ, ಹಿತ್ತಾಳೆಯ ಆ ಹಸಿರು ಛಾಯೆ ತಾನಾಗಿ ಬರುತ್ತದೆ, ಸ್ಯಾಪ್ ಗ್ರೀನ್ ಬೇಕಿಲ್ಲ. ಲೋಹ ಲೋಹವಾಗಿ ಕಾಣುವುದು ಹೊಳಪಿನಿಂದಲ್ಲ, ಅಂಚಿನಿಂದ. ಮಣ್ಣಿನ ಮಡಕೆಯಲ್ಲಿ ಬೆಳಕು ನೆರಳಿಗೆ ನಿಧಾನ ಜಾರುತ್ತದೆ. ಹಿತ್ತಾಳೆಯಲ್ಲಿ ಕಡು ಕಂದಿನ ಪಟ್ಟಿಯ ಪಕ್ಕವೇ ತಿಳಿ ಹಳದಿ ಪಟ್ಟಿ, ನಡುವೆ ಏನೂ ಇಲ್ಲ. ಹೊಸಬರು ಅಲ್ಲೇ ಬ್ರಷ್ಷಿನಿಂದ ಸವರಿ ಸವರಿ ನಯ ಮಾಡುತ್ತಾರೆ, ಚೊಂಬು ಬೆಲ್ಲದ ಅಚ್ಚಾಗುತ್ತದೆ. ಪಟ್ಟಿ ಇಟ್ಟ ಮೇಲೆ ಮುಟ್ಟದಿರುವುದೇ ಇಲ್ಲಿನ ಕಸುಬು. ಒಂದು ಗೀಟು ಎಳೆದು ಬ್ರಷ್ ಒರೆಸಿ, ಮತ್ತೆ ಬಣ್ಣ ತುಂಬಿಕೊಂಡು ಇನ್ನೊಂದು. ಒರೆಸದೆ ಎಳೆದ ಎರಡನೇ ಗೀಟು ಕೆಳಗಿನ ಹಸಿ ಬಣ್ಣವನ್ನು ಎತ್ತಿಕೊಂಡು ಬರುತ್ತದೆ, ಮೂರನೆಯದರ ಹೊತ್ತಿಗೆ ರಾಡಿ. ಕಂಠದ ಮೇಲೆ ಕಿಟಕಿಯ ಪ್ರತಿಬಿಂಬ ಬಿಳಿಯಲ್ಲ, ಬಿಳಿಗೆ ಕಂಡೂ ಕಾಣದಷ್ಟು ನೀಲಿ. ಅದನ್ನು ಕೊನೆಗೆ, ಎಣ್ಣೆ, ಟರ್ಪಂಟೈನ್ ಏನೂ ಬೆರೆಸದೆ ದಪ್ಪಗೆ, ನೈಫಿನ ತುದಿಯಿಂದ ಒಂದೇ ಸಲ ಇಡಬೇಕು.

ಸಿಯೆನಾ ಭಾಗ ಮೂರನೇ ದಿನ ಬೆರಳಿಗೆ ಒಣಗಿತು, ಓಕರ್ ಐದಕ್ಕೆ, ಬಿಳಿ ಮತ್ತು ಲೆಮನ್ ಇದ್ದ ಕಡೆ ಒಂಬತ್ತು ದಿನ ಹಿಡಿಯಿತು. ಮಳೆಗಾಲದಲ್ಲಿ ಇನ್ನೂ ಎಳೆಯುತ್ತದೆ. ಬಿಸಿಲಿಗೆ ಇಟ್ಟು ಅವಸರ ಮಾಡಿದರೆ ದಪ್ಪ ಭಾಗದ ಮೇಲ್ಮೈ ಮೊದಲು ಕೆನೆಗಟ್ಟಿ, ಒಳಗಿನದ್ದು ಹಸಿಯಿದ್ದು, ಕಾದ ಹಾಲಿನ ಕೆನೆಯ ಹಾಗೆ ಸುಕ್ಕಾಗುತ್ತದೆ.

ಎರಡನೇ ಪದರಕ್ಕೆ ಬಣ್ಣ ಹೊಂದಿಸುವಾಗ ಎಣ್ಣೆ ಬರಲಿ: ಎಣ್ಣೆ ಒಂದು, ಟರ್ಪಂಟೈನ್ ಎರಡು. ಮೂರನೆಯದಕ್ಕೆ ಸಮ ಸಮ. ಕೆಳಗೆ ತೆಳು, ಮೇಲೆ ಜಿಡ್ಡು, ತಿರುಗಿಸಬಾರದು. ಎಣ್ಣೆ ಹೆಚ್ಚಿದ್ದಷ್ಟೂ ಪದರ ನಿಧಾನವಾಗಿ ಒಣಗುತ್ತದೆ, ಹೆಚ್ಚು ಬಾಗುತ್ತದೆ. ಬಾಗದ ಪದರ ಮೇಲಿದ್ದು ಕೆಳಗಿನದು ಇನ್ನೂ ಅಲುಗಾಡುತ್ತಿದ್ದರೆ ಬೇಸಿಗೆಯ ಕೆರೆಯಂಗಳದ ಹಾಗೆ ಸೀಳುತ್ತದೆ. ಕಿಟ್‌ನ ಜೊತೆ ಬಂದ ಚೀಟಿಯಲ್ಲಿ ಈ ಮಾತೇ ಇಲ್ಲ, ‘ಎಣ್ಣೆ ಬೆರೆಸಿ ತೆಳು ಮಾಡಿ’ ಎಂದಷ್ಟೇ ಇದೆ. ಹಾಗೆ ಮಾಡಿದ ಮೊದಲ ಚಿತ್ರ ಒಂದೆರಡು ವರ್ಷ ಚೆನ್ನಾಗಿಯೇ ಇರುತ್ತದೆ, ಅದೇ ಅಪಾಯ.

ಇಂಥ ಕಿಟ್ ಕೊಳ್ಳುವ ಹಲವರ ಕಣ್ಣಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ದೀಪ ಹಿಡಿದ ಮಹಿಳೆಯ ಚಿತ್ರ ಇರುತ್ತದೆ. ಅದು ತೈಲವರ್ಣವೂ ಅಲ್ಲ, ರವಿವರ್ಮನದೂ ಅಲ್ಲ. ಎಸ್. ಎಲ್. ಹಲ್ದಣ್ಕರ್ ಎಂಬ ಚಿತ್ರಕಾರ ವಾಟರ್ ಕಲರಿನಲ್ಲಿ ಬರೆದದ್ದು. ತೈಲವರ್ಣ ನೋಡಬೇಕೆಂದರೆ ಅದೇ ಅರಮನೆಯಲ್ಲಿ ರವಿವರ್ಮನ ಕ್ಯಾನ್ವಾಸುಗಳ ಮುಂದೆ ಓರೆಯಾಗಿ ನಿಂತು, ರೇಷ್ಮೆ ಸೀರೆಯ ಬೆಳಕಿನ ಭಾಗದಲ್ಲಿ ಬಣ್ಣ ಎಷ್ಟು ದಪ್ಪಕ್ಕಿದೆ, ನೆರಳಿನಲ್ಲಿ ಎಷ್ಟು ತೆಳುವಿದೆ ಎಂದು ಹೋಲಿಸಿ ನೋಡಿ.

ಒಣಗಿದ ಚಿತ್ರದಲ್ಲಿ ಅಲ್ಲಲ್ಲಿ ಮಂಕು ತೇಪೆ ಬಿದ್ದರೆ ಹೆದರಬೇಕಿಲ್ಲ. ಎಣ್ಣೆ ಮತ್ತು ಟರ್ಪಂಟೈನ್ ಸಮ ಬೆರೆಸಿ, ಆ ಭಾಗಕ್ಕೆ ಬಟ್ಟೆಯಿಂದ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಒಣಗಿಸಲೆಂದು ಬೀರುವಿನಲ್ಲಿ ಮುಚ್ಚಿಡಬೇಡಿ, ಕತ್ತಲಲ್ಲಿ ಅಗಸೆ ಎಣ್ಣೆ ಹಳದಿಗೆ ತಿರುಗುತ್ತದೆ. ಬೆಳಕಿರುವ ಗೋಡೆಗೆ ಕೆಲವು ವಾರ ಒರಗಿಸಿದರೆ ಬಹುಪಾಲು ತಿಳಿಯಾಗುತ್ತದೆ. ವಾರ್ನಿಷ್ ತೆಳು ಚಿತ್ರಕ್ಕೆ ಆರು ತಿಂಗಳ ನಂತರ, ದಪ್ಪದಕ್ಕೆ ವರ್ಷದ ನಂತರ.

ಬಟ್ಟೆ ಚೂರುಗಳ ವಿಷಯವನ್ನು ಕಿಟ್‌ನ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಬೇಕಿತ್ತು. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಹೀರಿದ ಬಟ್ಟೆಯನ್ನು ಉಂಡೆ ಮಾಡಿ ಕಸದ ಬುಟ್ಟಿಗೆ ಹಾಕಿದರೆ ಆ ಬಿಸಿ ಹೊರಹೋಗದೆ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಹೊರಗೆ ಒಂದೊಂದಾಗಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಿಗೆ ಹಾಕಿ. ಬ್ರಷ್ ತೊಳೆದ ಟರ್ಪಂಟೈನನ್ನು ಸಿಂಕಿಗೆ ಸುರಿಯಬೇಡಿ. ಬಾಟಲಿಯಲ್ಲಿ ರಾತ್ರಿಯಿಡೀ ಬಿಟ್ಟರೆ ಬಣ್ಣ ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿಯನ್ನು ಬಗ್ಗಿಸಿ ಮತ್ತೆ ಬಳಸಿ. ಬ್ರಷ್ಷಿಗೆ ಕೊನೆಗೆ ಬಟ್ಟೆ ಸೋಪು ಹಚ್ಚಿ, ನೊರೆ ಬೆಳ್ಳಗೆ ಬರುವ ತನಕ ಅಂಗೈಯಲ್ಲಿ ತಿರುಗಿಸಿ ತೊಳೆದು, ಮಲಗಿಸಿ ಒಣಗಿಸಿ.

ಟ್ಯೂಬಿನ ಮುಚ್ಚಳ ಕಚ್ಚಿಕೊಂಡರೆ ಇಕ್ಕಳ ಹಾಕಬೇಡಿ, ಕತ್ತು ತಿರುಚಿ ಸೀಳುತ್ತದೆ. ಬಿಸಿನೀರಿನಲ್ಲಿ ಮುಚ್ಚಳವನ್ನಷ್ಟೇ ಒಂದೆರಡು ನಿಮಿಷ ಅದ್ದಿ ಬಟ್ಟೆಯಿಂದ ತಿರುಗಿಸಿ. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ಲೋಹದ ಟ್ಯೂಬಿಗೆ ಪೇಟೆಂಟ್ ಪಡೆಯುವ ಮುಂಚೆ ಬಣ್ಣ ಹಂದಿಯ ಮೂತ್ರಕೋಶದ ಚೀಲದಲ್ಲಿ ಸಿಗುತ್ತಿತ್ತು, ಮೊಳೆಯಲ್ಲಿ ಚುಚ್ಚಿ ತೆಗೆಯಬೇಕಿತ್ತು. ಆ ಲೆಕ್ಕದಲ್ಲಿ ಮುಚ್ಚಳದ ಕಾಟ ದೊಡ್ಡದೇನಲ್ಲ.

ಸ್ವಂತಕ್ಕಾದರೆ ಕಿಟ್ ಬಿಟ್ಟು ಬಿಡಿಬಿಡಿಯಾಗಿ ಕೊಳ್ಳಿ: ಟೈಟಾನಿಯಂ ಬಿಳಿಯ ದೊಡ್ಡ ಟ್ಯೂಬು ಒಂದು, ಉಳಿದ ಐದು ಬಣ್ಣ ಚಿಕ್ಕ ಟ್ಯೂಬಿನಲ್ಲಿ, ಮೇಲೆ ಹೇಳಿದ ಮೂರು ಬ್ರಷ್ಷು, ಉಕ್ಕಿನ ನೈಫು. ಪ್ಯಾಲೆಟ್ಟಿಗೆ ಗಾಜಿನ ತುಂಡಿನ ಕೆಳಗೆ ಬೂದು ಕಾಗದ ಇಟ್ಟರೆ ಸಾಕು, ಒಣಗಿದ್ದನ್ನು ಬ್ಲೇಡಿನಿಂದ ಕೆರೆದು ತೆಗೆಯಬಹುದು. ಉಡುಗೊರೆಯಾಗಿ ಕಿಟ್ಟೇ ಕೊಡುವುದಾದರೆ ಜೊತೆಗೆ ಒಂದು ದೊಡ್ಡ ಬಿಳಿ ಟ್ಯೂಬು ಇಟ್ಟುಕೊಡಿ.

ಪೆಟ್ಟಿಗೆ ಮಾತ್ರ ಬೇರೆಲ್ಲೂ ಈ ಬೆಲೆಗೆ ಸಿಗದು. ಮರದ ಜೋಡಣೆ ಬಿಗಿಯಾಗಿದೆ, ಕೀಲು ಸಡಿಲವಿಲ್ಲ. ಒಳಗಿನ ಪ್ಲಾಸ್ಟಿಕ್ ಗೂಡು ಕಿತ್ತು ತೆಗೆದರೆ 8×10ರ ಎರಡು ಹಸಿ ಬೋರ್ಡುಗಳನ್ನು ಮುಖಾಮುಖಿ ಇಟ್ಟು ಒಯ್ಯಬಹುದು. ನಾಲ್ಕೂ ಮೂಲೆಗೆ ಅರ್ಧ ಇಂಚಿನ ಬಿರಡೆ ಚೂರು ಕೊಟ್ಟು, ದಾರದಿಂದ ಕಟ್ಟಿ ಇಟ್ಟರೆ ಬಸ್ಸಿನ ಕುಲುಕಾಟಕ್ಕೂ ಬಣ್ಣ ಬಣ್ಣಕ್ಕೆ ತಾಗುವುದಿಲ್ಲ.